ತುಟಿಯೋ ತುತ್ತೂರಿಯೋ

ಒಣಗಿದ್ದರ ಹೆಸರು ಕೇಳಬೇಡ, ಎಂದಳು ಎಲ್ಸಿರಾ
ಬಂಡೆಗೆ ಗದ್ದ ತಾಗುವಷ್ಟು ಬಾಗಿ.
ನನ್ನ ಕಿರಿಮಗಳ ಓರಗೆಯವಳು, ನನಗೀಗ ಮೇಷ್ಟ್ರು.

ಮೂವತ್ತೊಂದು ವರ್ಷ ಕಲ್ಲುಸಿಗಡಿ ಹಿಡಿದವನು ನಾನು.
ಹಿತ್ತಾಳೆಯ ಅಳತೆಗೋಲು ಬೆನ್ನಿಗಿಟ್ಟು ನೋಡಿ
ಕೂದಲೆಳೆ ಕಮ್ಮಿಯಾದರೂ ಮರಳಿ ಕಡಲಿಗೆ.
ಭುಜ ಸೋತಿತು. ದೋಣಿಯನ್ನು ಅಳಿಯನಿಗೆ ಕೊಟ್ಟು
ಬೆಟ್ಟದ ಕಾವಲಿಗೆ ಸೇರಿದೆ.
ಚಿಲಿಯ ದಡ ಇಲ್ಲಿಂದ ಎರಡು ಹಗಲು ಎರಡು ರಾತ್ರಿ,
ಮೋಡ ಮಾತ್ರ ಮೂಗಿನ ಮೇಲೆ.
ಹೊರಗಿಂದ ಬಂದ ಮುಳ್ಳುಪೊದೆ ಕಡಿಯುವುದು ಕೆಲಸ;
ಕತ್ತಿ ಎತ್ತುವ ಮುಂಚೆ
ಬುಡದಲ್ಲಿ ಯಾರಿದ್ದಾರೆ ತಿಳಿಯಬೇಕಲ್ಲ.

ಇಷ್ಟು ದಿನ ಇದನ್ನೆಲ್ಲ ಹಸಿರು ಅನ್ನುತ್ತಿದ್ದೆ.
ಒಂದೇ ಮಾತು, ಇಡೀ ಬೆಟ್ಟಕ್ಕೆ.
ಈಗ ಕೊರಳಲ್ಲಿ ನೇತಾಡುವ ಭೂತಗನ್ನಡಿ,
ಉಸಿರು ಬಿಟ್ಟರೆ ಅದಕ್ಕೂ ಮಂಜು.

ಉಗುರಗಲದ ಜರೀಗಿಡ. ಎಲೆ ಎಷ್ಟು ತೆಳುವೆಂದರೆ
ಹಿಂದೆ ಹಿಡಿದ ನನ್ನ ಹೆಬ್ಬೆರಳ ಗಾಯದ ಕಲೆ
ಅದರೊಳಗಿಂದ ಕಾಣುತ್ತದೆ.
ಅಂಚು ನೋಡು, ಎನ್ನುತ್ತಾಳೆ. ಗರಗಸವೋ, ನುಣುಪೋ?
ದಂಟಿಗೆ ರೆಕ್ಕೆಯುಂಟೋ?
ಕೊನೆಗೆ ತುದಿಯ ಬೀಜಕದ ಚೀಲ:
ಎರಡು ತುಟಿಯಾಗಿದ್ದರೆ ಒಂದು ಕುಲ,
ತುತ್ತೂರಿಯಾಗಿ ಬಾಯಿ ತೆರೆದಿದ್ದರೆ ಇನ್ನೊಂದು.

ತುತ್ತೂರಿ, ಅಂದೆ. ಅವಳು ನಗಲಿಲ್ಲ.
ಮತ್ತೆ ನೋಡು, ಅಂದಳು.

ಮೊನ್ನೆ, ತಾನೇ ಉದುರಿದ್ದ ಚೂರೊಂದನ್ನು
ಬೆಂಕಿಪೊಟ್ಟಣದಲ್ಲಿ ಮನೆಗೆ ಒಯ್ದಿದ್ದೆ.
ಅಡುಗೆಮನೆಯ ಮೇಜಿನ ಮೇಲೆ ಅದು ಬರೀ ಚಹಾಪುಡಿ,
ಓರ್ಟೆನ್ಸಿಯಾ ಒರೆಸಿಯೇಬಿಡುತ್ತಿದ್ದಳು.
'ಸತ್ತಿದೆ' ಎಂದು ಬರೆದೆ. ಬರೆದದ್ದರ ಮೇಲೇ
ಕೈತಪ್ಪಿ ನೀರು ಚೆಲ್ಲಿತು.
ಮೀನಿನ ಸಾರು ಮುಗಿಯುವಷ್ಟರಲ್ಲಿ
ಸುರುಳಿ ಬಿಚ್ಚಿತ್ತು. ತುದಿಯಲ್ಲಿ ಕೂತಿತ್ತು
ಸಾಸಿವೆಗಿಂತ ಸಣ್ಣ ಬಾಯಿ,
ಗುಟ್ಟು ಬಚ್ಚಿಟ್ಟ ಮಗುವಿನಂತೆ ಬಿಗಿದು.

ತುಟಿ! ಎಂದು ಕೂಗಿದೆ.
ಯಾರದು? ಎಂದಳು ಓರ್ಟೆನ್ಸಿಯಾ, ಸೌಟು ಹಿಡಿದೇ.

ಇವತ್ತು ಕೊರಕಲಿನ ನೆರಳಲ್ಲಿ ಸಿಕ್ಕಿದ್ದಕ್ಕೆ
ಚೀಲವೇ ಇಲ್ಲ. ತುಟಿಯೂ ಅಲ್ಲ, ತುತ್ತೂರಿಯೂ ಅಲ್ಲ.
ಇನ್ನೂ ಎಳೆಯದು.
ಎಲ್ಸಿರಾ ಎತ್ತರ ಬರೆದಳು, ದಿನಾಂಕ ಬರೆದಳು,
ಬಂಡೆಯ ಮುಖ ಯಾವ ದಿಕ್ಕಿಗೆಂದು ಬರೆದಳು,
ಹೆಸರಿನ ಜಾಗ ಹಾಗೇ ಬಿಟ್ಟಳು.

ನನ್ನ ಕೈ ತಾನಾಗಿಯೇ ಜೇಬು ತಡಕಿತು
ಆ ಹಿತ್ತಾಳೆಯ ಕೋಲಿಗೆ.