ಶೇಕಡಾ ಅರವತ್ತಮೂರು

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನೆದುರು, ಮಹಡಿ ಮೇಲಿನ ನನ್ನ ಸ್ಟುಡಿಯೋಗೆ
ಹೊಸ ಕಂಪ್ಯೂಟರ್ ಬಂದು ಹನ್ನೊಂದು ದಿನ.
ಪ್ರೊಸೆಸರ್ ಮೈಸೂರಿನದು, ಕ್ಯಾಬಿನೆಟ್ ಕಣ್ಣೂರಿನದು,
ರ‍್ಯಾಮ್ ಎರಡು ಕಡ್ಡಿ, ಕೊರಿಯರಿನಲ್ಲಿ.
ದುಡ್ಡು ಮಾತ್ರ ಪೂರ್ತಿ ನನ್ನದು,
ಅದೂ ಚೀಟಿ ಎತ್ತಿದ್ದು; ಇನ್ನೂ ಹದಿನಾಲ್ಕು ಕಂತು.

ಗಾಜಿನ ಪಕ್ಕೆಯೊಳಗೆ ಬಣ್ಣದ ದೀಪ ಸುತ್ತುತ್ತದೆ.
ನೋಡಿದವರೆಲ್ಲ ಚಂದ ಅಂದರು.
ನಾನೂ ಅಂದೆ, ಮೊದಲ ದಿನ.

ಅದು ನಿಲ್ಲುವುದು ಹೀಗೆ:
ಎಚ್ಚರಿಕೆ ಇಲ್ಲ, ಸುಟ್ಟ ವಾಸನೆ ಇಲ್ಲ,
ಮೌಸಿನ ಬಾಣ ನಡುಪರದೆಯಲ್ಲಿ
ಗೋಡೆಗೆ ಹೊಡೆದ ಮೊಳೆ.
ಫ್ಯಾನು ತಿರುಗುತ್ತಲೇ ಇರುತ್ತದೆ,
ಏನೂ ಗೊತ್ತಿಲ್ಲದವರ ಹಾಗೆ.
ಕೆಲವು ಸಲ ನೀಲಿ. ನೀಲಿಯ ಮೇಲೊಂದು ಸಪ್ಪೆ ಮೋರೆ,
ಕೆಳಗೆ ಕಾರಣ. ನಿನ್ನೆಯದು ಬೇರೆ, ಇವತ್ತಿನದು ಬೇರೆ,
ಸಾಲ ವಾಪಸ್ ಕೇಳಿದಾಗ ನನ್ನ ಭಾವ ಹೇಳುವ ನೆಪಗಳಂತೆ.

ನಿಂತದ್ದೆಲ್ಲಿ ಅಂತ ಕೇಳಿ.
ದೇಚುವಿನ ಮದುವೆ, ಗಂಗಾಪೂಜೆ.
ಬಾವಿಯಿಂದ ನೀರು ಸೇದಿ, ಕೊಡ ತಲೆಗೇರಿಸಿ
ಕೆಂಪು ಸೀರೆಯ ಹುಡುಗಿ ಗಂಡನ ಮನೆಯತ್ತ ತಿರುಗಿದ್ದಾಳೆ.
ವಾಲಗ ಶುರು. ಗಂಡಿನ ಕಡೆಯವರು ಅಡ್ಡಗಟ್ಟಿ ಕುಣಿಯುತ್ತಿದ್ದಾರೆ,
ಸುಲಭಕ್ಕೆ ಬಿಡುವುದಿಲ್ಲ, ಅದೇ ಪದ್ಧತಿ.
ಅವಳು ಒಂದು ಹೆಜ್ಜೆ ಎತ್ತುತ್ತಾಳೆ,
ಶೇಕಡಾ ಅರವತ್ತಮೂರು,
ಅಲ್ಲಿಗೆ ನಿಂತಿತು.

ಅಂದು ಅಂಗಳದಲ್ಲಿ ಅವಳನ್ನು ತಡೆದದ್ದು ಎರಡೂವರೆ ಗಂಟೆ;
ಕ್ಯಾಮೆರಾ ಹಿಡಿದವಳು ನಾನೇ.
ನನ್ನ ಪರದೆಯಲ್ಲಿ, ಎಂಟು ದಿನ.

ಅಮ್ಮತ್ತಿಯಿಂದ ಅಸ್ಕರ್ ಬಂದ, ಕಿಸೆಯಲ್ಲಿ ಸ್ಕ್ರೂಡ್ರೈವರ್.
ಇದನ್ನು ಜೋಡಿಸಿದವನೂ ಅವನೇ; ಹಾಗಾಗಿ
ತಪ್ಪು ಕರೆಂಟಿನದು ಅಂದ.
ಎದುರಿನ ಕ್ಯೂರಿಂಗ್ ವರ್ಕ್ಸಿನ ಮೋಟಾರು ಶುರುವಾದಾಗ
ನಮ್ಮ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವುದು ನಿಜ.
ರಸ್ತೆ ದಾಟಿ, ಮೇಸ್ತ್ರಿಯ ಹತ್ತಿರ ಗೋಗರೆದು
ಹತ್ತು ನಿಮಿಷ ಅದನ್ನು ಸುಮ್ಮನಾಗಿಸಿದ.
ಕಾಫಿ ಸಿಪ್ಪೆಯ ಧೂಳು ಇಳಿಯಿತು. ಬೀದಿಗೆ ಬೀದಿಯೇ ತಣ್ಣಗೆ.
ಆ ಮೌನದಲ್ಲಿ, ಆರನೇ ನಿಮಿಷಕ್ಕೆ,
ಕಂಪ್ಯೂಟರೂ ನಿಂತಿತು.
ಕಿಟಕಿಯಿಂದ ನಾನು ಕೈಯಾಡಿಸಿದೆ.
ಅವನು ಅಲ್ಲಿಂದಲೇ ತಲೆ ಮೇಲೆ ಕೈಯಿಟ್ಟ.

ಆಮೇಲೆ ಡ್ರೈವರ್ ಕಿತ್ತ. ವಿಂಡೋಸ್ ಹೊಸದಾಗಿ ತುಂಬಿದ, ಎರಡು ಸಲ.
ಉಷ್ಣ ನೋಡಿದ: ಅರವತ್ತೆರಡು ಡಿಗ್ರಿ, ಜ್ವರವಲ್ಲ.
ಪವರ್ ಸಪ್ಲೈ, ತನ್ನ ಮನೆಯದನ್ನೇ ಬಿಚ್ಚಿ ತಂದು ಹಾಕಿದ.
ರ‍್ಯಾಮ್ ಕಡ್ಡಿಗಳ ಚಿನ್ನದ ಹಲ್ಲುಗಳನ್ನು
ನನ್ನ ಮಗಳ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ,
"ನೂರರಲ್ಲಿ ತೊಂಬತ್ತಕ್ಕೆ ಇದೇ ಮದ್ದು ಲಿಸ್ಸಿಯಕ್ಕ" ಅಂದ.
ನನ್ನದು ಉಳಿದ ಹತ್ತರಲ್ಲಿತ್ತು.

ಇದರ ನಡುವೆ ಚೋಂದಮ್ಮನ ಫೋನು, ದಿನಾ ಸಂಜೆ ಏಳಕ್ಕೆ:
"ನಾನು ಕುಣಿದದ್ದು ಬಂದಿದೆಯಾ?"
ಬಂದಿದೆ ಆಂಟಿ, ಅಲ್ಲೇ ನಿಂತಿದೆ.
"ನಿಂತಿದೆ ಅಂದರೆ?"
ಎಪ್ಪತ್ತೆರಡರ ಹೆಂಗಸು ಕೈ ಬೀಸಿ, ಒಂದು ಕಾಲೆತ್ತಿ
ಹೊಸ ಸೊಸೆಯ ದಾರಿಗೆ ಅಡ್ಡ.
ಎಂಟು ದಿನದಿಂದ ಆ ಕಾಲು ಇಳಿದಿಲ್ಲ ಅಂತ
ಹೇಗೆ ಹೇಳಲಿ.

ಕೊನೆಗೆ ಒಂದೊಂದೇ ಕಡ್ಡಿ.
ರಾತ್ರಿಯಿಡೀ ಪರೀಕ್ಷೆ, ಮೊದಲನೆಯದು: ತಪ್ಪು ಸೊನ್ನೆ.
ಮರುರಾತ್ರಿ ಇನ್ನೊಂದು: ತಪ್ಪು ಸೊನ್ನೆ.
ಎರಡನ್ನೂ ಕೂರಿಸಿದರೆ
ಅರ್ಧ ಗಂಟೆಯಲ್ಲಿ ಪರದೆ ತುಂಬ ಕೆಂಪು ಸಾಲು.
"ಬೇರೆ ಬೇರೆ ಇದ್ದರೆ ಒಳ್ಳೆಯವೇ ಅಕ್ಕ, ಜೊತೆಗೆ ಓಡಿಸಿದರೆ..."
ಮುಂದಿನ ತಿಂಗಳು ಅವನ ನಿಕಾಹ್.
ಮಾತು ಅಲ್ಲಿಗೇ ಬಿಟ್ಟ.

ಕಪ್ಪು ಸೆಟ್ಟಿಂಗ್ ಪರದೆ ತೆರೆದ.
ಮೂರು ಸಾವಿರದ ಆರುನೂರು, ಪೆಟ್ಟಿಗೆಯ ಮೇಲೆ ಬರೆದ ವೇಗ,
ಜೋಡಿಸಿದ ದಿನ ಹುರುಪಿನಲ್ಲಿ ಅವನೇ ಏರಿಸಿದ್ದು.
ಇನ್ನೂರಕ್ಕೆ ಇಳಿಸಿದ. ನನ್ನ ಮುಖ ನೋಡಲಿಲ್ಲ.
ಅಷ್ಟಕ್ಕಾ?
ಅಷ್ಟಕ್ಕೇ.

ರಾತ್ರಿ ಹನ್ನೊಂದು. ಕುಟ್ಟದ ಬಸ್ಸು ಹೋಗಿ ಎಷ್ಟೋ ಹೊತ್ತು.
ಅರವತ್ತೊಂದು. ಅರವತ್ತೆರಡು.
ಅರವತ್ತಮೂರಕ್ಕೆ ನಾವಿಬ್ಬರೂ ಮೇಜಿನಿಂದ ಕೈ ತೆಗೆದೆವು.
ಅರವತ್ತನಾಲ್ಕು.
ಮೂಲೆಯ ಪುಟ್ಟ ಚೌಕದಲ್ಲಿ ಚೋಂದಮ್ಮನ ಕಾಲು ನೆಲ ಮುಟ್ಟಿತು,
ದೇಚುವಿನ ಕೊಡದಿಂದ ನಾಲ್ಕು ಹನಿ ತುಳುಕಿ
ಹೆಗಲ ಮೇಲೆ ಬಿತ್ತು.
ಎಂಟು ದಿನ ಅದನ್ನೇ ನೋಡಿದ್ದರೂ
ಆ ಹನಿ ನಾನು ಕಂಡಿರಲಿಲ್ಲ.

ಈಗ ಸರಿಯಿದೆ, ಎರಡು ವಾರ.
ಆದರೂ ಬಿಲ್ಲು ಡ್ರಾಯರಿನಲ್ಲೇ ಇದೆ,
ಖಾಲಿ ಪೆಟ್ಟಿಗೆಗಳನ್ನು ಗುಜರಿಯವನು ಕೇಳಿದ,
ಕೊಟ್ಟಿಲ್ಲ.