ಅಮೀನನ ಷರಾ

ಚೀಲದಲ್ಲಿ ಮೈದಾ ಅಂಟಿನ ಡಬ್ಬಿ, ಸವೆದ ಒಂದು ಕುಂಚ,
ಕೋರ್ಟಿನ ಮೊಹರಿರುವ ಮೂರು ಪ್ರತಿ.
ಕಾರವಾರದಲ್ಲಿ ಬಸ್ಸು ಹತ್ತಿ, ಕಾಳಿ ಸೇತುವೆ ದಾಟಿ
ಮಾಜಾಳಿಯ ಹತ್ತಿರ ಇಳಿದೆ.
ಇಪ್ಪತ್ತಾರು ವರ್ಷದ ನೌಕರಿ.
ಕೇರಿಯ ನಾಯಿಗಳಿಗೆ ನನ್ನ ಗುರುತು,
ಮನುಷ್ಯರಿಗೆ ನನ್ನ ಚೀಲದ್ದು.

ದಾವೆ ಒಂದು ಬಲೆ ಶೆಡ್ಡಿನದು.
ತಗಡಿನ ಮಾಡು, ತೆಂಗಿನ ಕಂಬ,
ಒಳಗೆ ಅಜ್ಜಂದಿರ ರಂಪಣಿ ಬಲೆ, ಇಲಿ ಕಡಿದದ್ದು.
ಚುನಾವಣೆಗೆ ಮೊದಲು ಮಾಡಿನ ಮೇಲೆ ಒಂದು ಬಾವುಟ ಏರಿತು,
ನಾಲ್ಕು ದಿನಕ್ಕೆ ಇನ್ನೊಂದು.
ಆಮೇಲೆ ಕಲ್ಲು, ಆಮೇಲೆ ಠಾಣೆ,
ಆಮೇಲೆ ನಾನು.

ಹೋದ ವರ್ಷ ಆದೇಶ ಖೇಮು ತಾಂಡೇಲನ ಪರ.
ಅವನ ಮನೆಯಲ್ಲಿ ಕೋಕಂ ಶರಬತ್ತು ಕೊಟ್ಟರು.
‘ಕಾನೂನು ಅಂದರೆ ಹೀಗಿರಬೇಕು’ ಅಂದ.
ಚಂದ್ರಹಾಸ ದುರ್ಗೇಕರ ನೆಲಕ್ಕೆ ಉಗುಳಿ
‘ಕೊಂಡುಕೊಂಡ ಕೋರ್ಟು’ ಅಂದ.

ಈ ವರ್ಷ ಮೇಲಿನ ಕೋರ್ಟಿನಿಂದ ತಡೆ.
ಶರಬತ್ತು ದುರ್ಗೇಕರನ ಮನೆಯಿಂದ ಬಂತು,
ಸಕ್ಕರೆ ಸ್ವಲ್ಪ ಹೆಚ್ಚು.
ಖೇಮು ಉಗುಳಿದ. ಅದೇ ಜಾಗ, ಅದೇ ಮಾತು.
ಇಬ್ಬರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ:
‘ಕಾನೂನು ಎಲ್ಲರಿಗೂ ಒಂದೇ ತಾನೇ?’
ಗೆದ್ದವನ ಬಾಯಲ್ಲಿ ಅದು ಹಾರ,
ಸೋತವನ ಬಾಯಲ್ಲಿ ಕೆನ್ನೆಗೆ ಬಾರಿಸಿದ ಹಾಗೆ.

ಶೆಡ್ಡಿನೆದುರು ನಿಂತು ಗಟ್ಟಿಯಾಗಿ ಓದಿದೆ:
‘ಮುಂದಿನ ಆದೇಶದವರೆಗೆ
ಉಭಯತರರೂ ಯಥಾಸ್ಥಿತಿ ಕಾಪಾಡತಕ್ಕದ್ದು.’
ಹೋದ ಸಲ ನೀರು ಇಲ್ಲಿಂದ ನಲವತ್ತು ಹೆಜ್ಜೆ ದೂರವಿತ್ತು.
ಇವತ್ತು ಎಣಿಸಿದೆ, ಇಪ್ಪತ್ತೇಳು.
ಸಮುದ್ರಕ್ಕೆ ನೋಟೀಸು ಜಾರಿ ಮಾಡುವ ಅಧಿಕಾರ
ನನಗೆ ಯಾರೂ ಕೊಟ್ಟಿಲ್ಲ.

ಪಂಚನಾಮೆಗೆ ಎರಡು ಸಹಿ ಬೇಕು, ಎರಡೇ.
ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದ ಹುಡುಗ
‘ಅವರವರು ಸಹಿ ಹಾಕುವ ಕಾಗದಕ್ಕೆ ನಾನಾ?’ ಅಂದ.
‘ಅವರವರು’ ಇನ್ನೂ ಪೆನ್ನನ್ನೇ ಮುಟ್ಟಿರಲಿಲ್ಲ.
ಮಾಸ್ತರರಿಗೆ ತಲೆನೋವು.
ಕಿರಾಣಿ ಅಂಗಡಿಯವ ತಕ್ಕಡಿ ಒರೆಸುತ್ತ
‘ನನಗೆ ಎರಡೂ ಕಡೆ ಗಿರಾಕಿ ಮಾರಾಯ್ರೇ, ಬಿಟ್ಟುಬಿಡಿ.’
ಒಂದು ಹಾಳೆಯ ಮೇಲೆ ಎರಡು ಹೆಸರು
ಅಕ್ಕಪಕ್ಕ ಕೂರಲಾರದ ಊರು ಎಷ್ಟು ದೊಡ್ಡದು?
ಮೂವತ್ತೊಂದು ಮನೆ.

ಮಧ್ಯಾಹ್ನದ ಬಿಸಿಲಿಗೆ ಡಬ್ಬಿಯ ಅಂಟು ಹುಳಿ ನಾರತೊಡಗಿತು.
ಆಗ ಬಂದವಳು ಶೇವಂತಿ ಹರಿಕಂತ್ರ,
ತಲೆಯ ಮೇಲೆ ಖಾಲಿ ಬುಟ್ಟಿ,
ಅಂಗೈಗೆ ಬಂಗಡೆಯ ಬೆಳ್ಳಿ ಹುಡಿ.
‘ಎಂತ ಬರೆದಿದೆ ಇದರಲ್ಲಿ?’
‘ಕಾಗದ ಅಂಟಿಸಿದ್ದನ್ನು ನೀವು ನೋಡಿದಿರಿ ಅಂತ.’
‘ಯಾರದು ಸರಿ ಅಂತ ಇಲ್ಲವಲ್ಲ?’
‘ಇಲ್ಲ.’
‘ಹಾಗಾದರೆ ತಾ. ನೋಡಿದ್ದೇನೆ.’
ಹೆಬ್ಬೆಟ್ಟು ಒತ್ತಿದಳು. ಶಾಯಿಯೊಳಗೆ ಒಂದು ಪೊರೆ ಅಂಟಿಕೊಂಡಿತು.
‘ಎರಡು ಹಗ್ಗಕ್ಕೂ ಜನ ಇದ್ದಾಗ
ನಡುವೆ ಬುಟ್ಟಿ ಹಿಡಿದು ನಿಂತವಳು ನಾನು,’ ಅಂದಳು.
ಇನ್ನೇನೋ ಹೇಳುತ್ತಾಳೆ ಅಂದುಕೊಂಡೆ.
ಹೋಗಿಬಿಟ್ಟಳು.

ಎರಡನೇ ಗೆರೆ ಖಾಲಿ.
ಷರಾ: ಪಂಚರು ಒಬ್ಬರೇ ದೊರೆತರು.
ಕಾರಣ: ಆ ಕಲಮಿಗೆ ಅರ್ಧ ಅಂಗುಲ ಜಾಗ.

ಇಷ್ಟನ್ನು ವರದಿಯಲ್ಲಿ ಬರೆದಿಲ್ಲ:
ನನಗೂ ಒಂದು ಕಡೆ ಇದೆ.
ಹೋದ ವರ್ಷ ಅಂಟು ಸವರುವಾಗ ಕೈ ಹಗುರಾಗಿತ್ತು.
ಈ ಸಲ ಅವಸರ ಮಾಡಿದೆ, ಬೇಕೆಂದೇ ಇರಬಹುದು.
ಬಸ್‌ಸ್ಟಾಪಿನಿಂದ ತಿರುಗಿ ನೋಡಿದರೆ
ಕಾಗದದ ಒಂದು ಮೂಲೆ ಎದ್ದು
ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.
ರಾತ್ರಿಯೊಳಗೆ ಅದು ತಾನಾಗಿ ಹಾರಿಹೋಗುತ್ತದೆ,
ಯಾರೂ ಹರಿಯಬೇಕಿಲ್ಲ,
ಯಾರೂ ನನ್ನನ್ನು ಕೇಳುವುದಿಲ್ಲ.

ನಾಲ್ಕೂವರೆಯ ಬಸ್ಸು ಬಂತು.
ಕಂಡಕ್ಟರ್ ಕೂಗಿದ.
ಚೀಲದಿಂದ ಕುಂಚ ತೆಗೆದು
ಮರಳಿನಲ್ಲಿ ವಾಪಸು ನಡೆದೆ.