ನಾಯಿ ಕೂತ ಜಾಗ

ರೈಟರ್ ಕೇಳಿದರು: ಮೃತೆ ನಿಮಗೆ ಎಷ್ಟು ವರ್ಷದ ಪರಿಚಯ?
ಪರಿಚಯ ಅಲ್ಲ ಸಾರ್, ಅಂದೆ.
ಪರಿಚಯ ಅಂತಲೇ ಬರೆದುಕೊಂಡರು.

ಕೂಡಿಗೆಯಲ್ಲಿ ಡಿಎಡ್ ಓದುವಾಗ ಒಂದೇ ಬೆಂಚು,
ಬೊಳ್ಳಮ್ಮ, ಜೋಯಪ್ಪ, ನಾನು.
ಕಡಂಬುಟ್ಟು ಮೂರು ಪಾಲು, ಪಂದಿ ಕರಿ ಎರಡು.
ನನಗೆ ಬರಿ ಸಾರು, ಅದೂ ಮನೆಗೆ ಗೊತ್ತಾಗದ ಹಾಗೆ.

ಇದೆಲ್ಲ ಬೇಡ, ಹದಿನಾಲ್ಕರ ಸಂಜೆಗೆ ಬನ್ನಿ, ಎಂದರು.

ಬಂದೆ.
ಅಮ್ಮತ್ತಿಯ ಸುತ್ತ ತೋಟಕ್ಕೆಲ್ಲ
ಸ್ಪ್ರಿಂಕ್ಲರ್ ಹಾಯಿಸಿ ಎಂಟು ದಿನ.
ರೋಬಸ್ಟ ಒಂದೇ ರಾತ್ರಿಯಲ್ಲಿ ಅರಳಿ
ಗಿಡದ ತೋಳೆಲ್ಲ ಬಿಳಿ,
ಉಸಿರೆಳೆದರೆ ತಲೆ ಸುತ್ತುವಷ್ಟು ಘಮ.
ಬೆಳಗಿನ ಜಾವ ಪೈಪು ಬದಲಿಸಲು ಹೋದ ಮುತ್ತ
ಕೆರೆ ಏರಿಯ ಕೆಳಗೆ ಚಪ್ಪಲಿ ಕಂಡ.
ಒಂದು ಚಪ್ಪಲಿ.
ಆಮೇಲೆ ಮಿಕ್ಕದ್ದು.

ಅವಳ ಮೇಜಿನ ಮೇಲೆ ಮೂರನೇ ಕ್ಲಾಸಿನ ಮೂವತ್ತೊಂದು ಕಾಪಿ.
ಹದಿನೇಳಕ್ಕೆ ಕೆಂಪು ಸಹಿ ಬಿದ್ದಿತ್ತು.
ಹದಿನೆಂಟನೆಯದರಲ್ಲಿ ಒಂದು 'ಳ'
ಅರ್ಧ ತಿದ್ದಿ ಪೆನ್ನು ಎದ್ದಿತ್ತು.
ಯಾರೋ ಹೊರಗಿಂದ ಕರೆದಿರಬೇಕು,
ಹೆಸರು ಹಿಡಿದೇ ಕರೆದಿರಬೇಕು.
ಗುರುತಿಲ್ಲದವರು ಕೂಗಿದರೆ
ಅಕ್ಷರ ಮುಗಿಸದೆ ಏಳುವವಳಲ್ಲ ಅವಳು.

ಮಡಿಕೇರಿಯಿಂದ ನಾಯಿ ಬಂತು.
ಅವಳ ಕರವಸ್ತ್ರ ಮೂಸಿಸಿದರು.
ಹೂವಿನ ಘಮಕ್ಕೆ ಅದಕ್ಕೂ ದಿಕ್ಕು ತಪ್ಪಿ
ಎರಡು ಸಲ ಸೀನಿತು,
ಮೂತಿಗೆ ಬಿಳಿ ಎಸಳು ಮೆತ್ತಿಕೊಂಡು ವಾಪಸು ಬಂತು.
ಶಾಲೆ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು:
ಹೆಡ್ ಮಾಸ್ಟರು, ಬಿಸಿಯೂಟದ ಸೀತಕ್ಕ, ಜೋಯಪ್ಪ, ನಾನು.
ನಾಯಿ ನೇರ ನನ್ನೆದುರು ಬಂದು
ಕಾಲು ಮಡಚಿ ಕೂತಿತು.

ಸೀತಕ್ಕನ ಕೈಯಿಂದ ಸೌಟು ಬಿತ್ತು.

ನಾನು ತೊಟ್ಟಿದ್ದು ಅವಳ ಸ್ವೆಟರು ಸಾರ್.
ಜನವರಿಯ ಚಳಿಗೆ ಕೊಟ್ಟದ್ದು,
ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.
ಸುದ್ದಿ ಕೇಳಿ ಮೈ ನಡುಗಿತು, ಹಾಕಿಕೊಂಡೆ.
ನನ್ನ ತಲೆಗೆ ಅವಳದೇ ಎಣ್ಣೆ, ಚೀಲದಲ್ಲಿ ಅವಳ ಬಾಚಣಿಗೆ.
ಏಳು ವರ್ಷ ಒಟ್ಟಿಗೆ ಉಂಡವರ ಮೈ
ಬೇರೆ ಬೇರೆ ನಾರುವುದು ಹೇಗೆ?
ನಾಯಿ ತಪ್ಪು ಮಾಡಲಿಲ್ಲ.
ಅವಳು ಎಲ್ಲಿ ಉಳಿದಿದ್ದಳೋ
ಅಲ್ಲಿಗೇ ಬಂದು ಕೂತಿತು.

ಇದನ್ನೂ ಬರೆಯಲಿಲ್ಲ. ಟೀ ತರಿಸಿದರು.

ಎರಡು ರಾತ್ರಿ ಯೋಚಿಸಿದೆ,
ಅದು ನನ್ನೆದುರು ಕೂತದ್ದನ್ನಲ್ಲ,
ಜೋಯಪ್ಪನನ್ನು ದಾಟಿದ್ದನ್ನು.

ದಿನಾ ಅವನ ಸ್ಕೂಟರಿನ ಹಿಂದೆ
ಹೆಗಲು ಹಿಡಿದು ಬರುತ್ತಿದ್ದವಳು ಅವಳು.
ನಾಯಿ ಅವನನ್ನು ಮೂಸಿ,
ಬೇಲಿಯ ಗೂಟ ಕಂಡ ಹಾಗೆ, ಮುಂದೆ ಹೋಯಿತು.
ಹೊಸ ಅಂಗಿ. ಡೆಟಾಲಿನ ಘಾಟು.
ಗೇಟಿನ ಬಳಿ ಸ್ಕೂಟರು ಥಳಥಳ.
ಅವರ ಬಾವಿ ಫೆಬ್ರವರಿಯಲ್ಲೇ ತಳ ಕಂಡಿದೆ ಸಾರ್,
ಎರಡು ಕೊಡ ನೀರಿಗೆ ಅವನಮ್ಮ ಟ್ಯಾಂಕರು ಕಾಯುತ್ತಾರೆ.
ಈ ತಿಂಗಳಲ್ಲಿ ಸ್ಕೂಟರು ತೊಳೆಯುವವರು ಯಾರಿದ್ದಾರೆ?

ಇನ್ನೊಂದು, ಜೋಮಾಲೆ. ಅವಳ ಅಜ್ಜಿಯದು.
ಅವನ ತಂಗಿಯ ಫೀಸಿಗೆ ಅಡವಿಡಲು ಕೊಟ್ಟಿದ್ದಳು,
ಮನೆಯಲ್ಲಿ ಹೇಳದೆ, ನನಗೊಬ್ಬಳಿಗೆ ಹೇಳಿ.
ಏಪ್ರಿಲಿಗೆ ಮದುವೆ. ಕೇಳಲಾ ಬೇಡವಾ ಅಂದಳು.
ನಾನೇ ಅಂದೆ:
ಕೇಳು, ನಮ್ಮ ಜೋಯಪ್ಪ ತಾನೆ, ಏನಂದುಕೊಳ್ಳುತ್ತಾನೆ.

ಪೆನ್ನು ಈಗ ಓಡಿತು.
ಎರಡು ಹಾಳೆ. ಕಾರ್ಬನ್ ಬದಲಿಸಿ ಮತ್ತೊಂದು.
ಓದಿ ಹೇಳಿದರು. ಎಲ್ಲ ಸರಿಯಿತ್ತು,
ನಾನಂದ ಆ ಮಾತೊಂದು ಬಿಟ್ಟುಹೋಗಿತ್ತು.
ಸೇರಿಸಿ ಅಂದೆ.
ಕೇಸಿಗೆ ಅದು ಬೇಕಾಗುವುದಿಲ್ಲ ಮೇಡಂ.

ಸ್ವೆಟರು ಬಿಚ್ಚಿಸಿಕೊಂಡು ಚೀಲಕ್ಕೆ ಹಾಕಿ
ಅರಗಿನ ಸೀಲು ಒತ್ತಿದರು.
ಹೊರಗೆ ಹೂವು ಆಗಲೇ ಕಂದು ತಿರುಗಿತ್ತು.

ನಾಳೆಯಿಂದ ಮೂರನೇ ಕ್ಲಾಸು ನನಗೆ.
ಹದಿನೆಂಟನೇ ಕಾಪಿಯ ಹುಡುಗಿ ಗೇಟಿನಲ್ಲೇ ಹಿಡಿದಳು:
ನನ್ನ ಪುಸ್ತಕ ಯಾವಾಗ ಬರುತ್ತೆ ಟೀಚರ್?
ಆ ಅಕ್ಷರ ನನಗಿನ್ನೂ ಬರಲ್ಲ,
ಅವರ ಹೆಸರಲ್ಲಿ ಎರಡು ಸಲ ಬರುತ್ತಲ್ಲ,
ಮೇಲೊಂದು, ಕೆಳಗೊಂದು.